ಚಳಿಗಾಲಕ್ಕೆ ಮನೆ ಭದ್ರ ಮಾಡಿದ ಕೆಲಸ: ಕೊಂಡಿ, ಬೆಳಕಿಂಡಿ, ಸೈರನ್

ಬೇಸಿಗೆಯಲ್ಲಿ ಗಂಗಾವತಿಯ ನಮ್ಮ ಓಣಿಗೆ ಬೇರೆ ಕಾವಲು ಬೇಕಿಲ್ಲ. ಏಪ್ರಿಲ್, ಮೇ ತಿಂಗಳ ಸೆಕೆಗೆ ಒಳಗೆ ಮಲಗುವವರೇ ಇಲ್ಲ. ಅರ್ಧ ಓಣಿ ಮಾಳಿಗೆ ಮೇಲೆ, ಉಳಿದರ್ಧ ಕಟ್ಟೆ ಮೇಲೆ. ನಡುರಾತ್ರಿಯಲ್ಲೂ ಯಾರೋ ಎದ್ದು ನೀರು ಕುಡಿಯುತ್ತಿರುತ್ತಾರೆ, ಯಾವುದೋ ಮನೆಯ ಕೂಸು ಅಳುತ್ತಿರುತ್ತದೆ. ದೀಪಾವಳಿ ಮುಗಿದು ಥಂಡಿ ಬಿತ್ತೆಂದರೆ ಇದೆಲ್ಲ ನಿಂತುಹೋಗುತ್ತದೆ. ಎಂಟು ಗಂಟೆಗೇ ಕದ ಹಾಕಿ, ಕಿಟಕಿ ಮುಚ್ಚಿ, ಕಿವಿ ತುಂಬ ಹೊದ್ದು ಮಲಗುತ್ತೇವೆ. ಮಾಳಿಗೆ ಮೇಲೆ ಹೆಜ್ಜೆ ಸಪ್ಪಳ ಬಂದರೂ ಬೆಕ್ಕು ಇರಬೇಕು ಎಂದು ಮಗ್ಗಲು ಬದಲಿಸುತ್ತೇವೆ.

ಕತ್ತಲೆಯ ಲೆಕ್ಕ ಹಿಡಿದರೆ ವ್ಯತ್ಯಾಸ ಬಹಳ ದೊಡ್ಡದಲ್ಲ. ಜೂನ್ ಕೊನೆಗೆ ಸಂಜೆ 7ರ ಸುಮಾರಿಗೆ ಮುಳುಗುವ ಸೂರ್ಯ ನಮ್ಮಲ್ಲಿ ನವೆಂಬರ್ ಕೊನೆಗೆ 5.50ರ ಹೊತ್ತಿಗೆ ಮುಳುಗುತ್ತಾನೆ. ಜನವರಿ ನಡುವಿನಲ್ಲಿ ಬೆಳಗ್ಗೆ 6.50 ದಾಟಿದ ಮೇಲೆಯೇ ಹುಟ್ಟುವುದು. ಕಾನೂನೂ ಈ ಹೊತ್ತನ್ನು ಬೇರೆಯಾಗಿ ನೋಡುತ್ತದೆ: ಭಾರತೀಯ ನ್ಯಾಯ ಸಂಹಿತೆಯ 331ನೇ ಕಲಮಿನಲ್ಲಿ ಸೂರ್ಯ ಮುಳುಗಿದ ಮೇಲೆ, ಹುಟ್ಟುವುದಕ್ಕೆ ಮೊದಲು ಹಾಕಿದ ಕನ್ನಕ್ಕೆ ಹಗಲಿನದಕ್ಕಿಂತ ಹೆಚ್ಚಿನ ಶಿಕ್ಷೆ ಇದೆ. ಆದರೆ ನನ್ನ ಮಟ್ಟಿಗೆ ಅಪಾಯ ತರುವುದು ಆ ಒಂದೆರಡು ತಾಸಿನ ಹೆಚ್ಚುವರಿ ಕತ್ತಲೆಯಲ್ಲ. ಓಣಿಯಲ್ಲಿ ನೋಡುವ ಕಣ್ಣು, ಕೇಳುವ ಕಿವಿ ಇಲ್ಲದಂತಾಗುವುದು. ಹಾಗಾಗಿ ಈ ಸಲ ಮಾಡಿದ ಪ್ರತಿಯೊಂದು ಕೆಲಸಕ್ಕೂ ಒಂದೇ ಪರೀಕ್ಷೆ ಇಟ್ಟುಕೊಂಡೆ: ಇದು ಕಳ್ಳನಿಗೆ ತಡ ಮಾಡುತ್ತದೆಯೇ, ಇಲ್ಲವೇ ಮಲಗಿದವರನ್ನು ಎಬ್ಬಿಸುತ್ತದೆಯೇ? ಎರಡೂ ಇಲ್ಲದ್ದಕ್ಕೆ ದುಡ್ಡು ಹಾಕಲಿಲ್ಲ.

ನಮ್ಮ ಕಡೆಗೆ ಇನ್ನೊಂದು ವಿಶೇಷವಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಕೊಯ್ಲಿಗೆ ಬರುವ ದಿನಗಳಲ್ಲಿ ಹಸಿರು ಹುಳಗಳು ದೀಪಕ್ಕೆ ಮುತ್ತಿಕೊಳ್ಳುತ್ತವೆ. ಊಟದ ತಟ್ಟೆಗೆ ಬೀಳುತ್ತವೆ ಎಂದು ಎಲ್ಲರೂ ಹೊರಗಿನ ದೀಪ ಆರಿಸಿಬಿಡುತ್ತಾರೆ. ಮದುವೆ, ಅಂಜನಾದ್ರಿಗೆ ಹನುಮಮಾಲೆ, ಅಯ್ಯಪ್ಪ ಮಾಲೆ, ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ಎಂದು ಮನೆಗಳಿಗೆ ಕೀಲಿ ಬೀಳುವುದೂ ಇದೇ ತಿಂಗಳುಗಳಲ್ಲಿ. ಹಿಂದಿನ ಓಣಿಯ ಒಂದು ಮನೆಯವರು ಮದುವೆಗೆ ಹೋಗಿದ್ದಾಗ ಕಳ್ಳರು ನುಗ್ಗಿದ್ದು ಹೀಗೆಯೇ. ಮುಂಬಾಗಿಲ ಕೀಲಿ ಹಾಗೇ ಇತ್ತು. ಅವರು ಬಂದದ್ದು ಮಾಳಿಗೆಯಿಂದ. ನಮ್ಮ ಹಳೆಯ ಪೇಟೆಯಲ್ಲಿ ಮಾಳಿಗೆಗೆ ಮಾಳಿಗೆ ಕೂಡಿಕೊಂಡಿವೆ. ಒಂದು ಮನೆಯ ಏಣಿ ಸಿಕ್ಕರೆ ಇಡೀ ಸಾಲು ನಡೆದು ಹೋಗಬಹುದು.

ಮೊದಲು ಕೊಂಡಿ

ನಮ್ಮದು ಮುಂದಿನ ಭಾಗ ಆರ್‌ಸಿಸಿ, ಹಿಂದೆ ಅಜ್ಜನ ಕಾಲದ ಮಾಳಿಗೆ ಮನೆ. ಮುಂಬಾಗಿಲು ಜೋಡಿ ಕದದ್ದು, ಹಳೆಯ ಬೇವಿನ ಚೌಕಟ್ಟು. ಪೇಟೆಯಲ್ಲಿ ಸಿಗುವ ದೊಡ್ಡ ಕೀಲಿ ತರಬೇಕೆಂದು ಹೊರಟವನನ್ನು ಓಣಿಯ ಬಡಿಗೇರ ಕಾಕಾ ತಡೆದರು. ಬಾಗಿಲ ಮುಂದೆ ಕೂತು ಕೊಂಡಿಯನ್ನು ಹೆಬ್ಬೆರಳಿನಿಂದ ಅಲ್ಲಾಡಿಸಿ ತೋರಿಸಿದರು.

"ಕೀಲಿ ಎಷ್ಟ್ ದೊಡ್ಡದಿದ್ರ ಏನ್ ಬಂತು ತಮ್ಮಾ? ಕೊಂಡಿ ಹಿಡದಿರೋದು ಅರ್ಧ ಇಂಚಿನ ಸ್ಕ್ರೂ. ಕಬ್ಬಿಣದ ಹಾರಿ ಹಾಕಿ ಒಂದ್ ಸಲ ಎತ್ತಿದ್ರ ಕೀಲಿ ಸಮೇತ ಕೈಗೆ ಬರ್ತೈತಿ."

"ಹಂಗಾದ್ರ ಏನ್ ಮಾಡೂಣು ಕಾಕಾ?"

"ಆರಪಾರ ಬೋಲ್ಟ್ ಹಾಕೂಣು. ಕೀಲಿ ತಗೀಬೇಕಂದ್ರ ಕದಾನ ಒಡೀಬೇಕು, ಹಂಗ."

ಸ್ಕ್ರೂ ಬಿಚ್ಚಿದಾಗ ಅವರ ಮಾತು ಎಷ್ಟು ನಿಜ ಎಂದು ಗೊತ್ತಾಯಿತು. ಸ್ಕ್ರೂ ಡ್ರೈವರ್ ತಿರುಗಿಸುವ ಮೊದಲೇ ಒಂದು ಸ್ಕ್ರೂ ಬೆರಳಿಗೆ ಬಂತು. ಅದರ ಎಳೆಗಳ ತುಂಬ ಹಿಟ್ಟಿನಂಥ ಕಟ್ಟಿಗೆ ಪುಡಿ. ಹಳೆಯ ಕಟ್ಟಿಗೆ ಒಳಗೇ ಸಡಿಲಾಗಿ, ಬರೀ ಪೇಂಟಿನ ಮೇಲೆ ನಿಂತಿತ್ತು.

ಹಳೆಯ ಕೊಂಡಿ ತೆಗೆದು 5 ಮಿ.ಮೀ. ದಪ್ಪದ ಪಟ್ಟಿಯ ಕೊಂಡಿ ಮಾಡಿಸಿದೆವು. ಕದದಲ್ಲಿ 8 ಮಿ.ಮೀ. ತೂತು ಆರಪಾರ ಕೊರೆದು, ಗುಂಡು ತಲೆಯ ಕ್ಯಾರೇಜ್ ಬೋಲ್ಟ್‌ಗಳನ್ನು ಹೊರಗಿನಿಂದ ತೂರಿಸಿದೆವು. ಈ ಬೋಲ್ಟಿನ ತಲೆಯ ಕೆಳಗೆ ಚೌಕದ ಕುತ್ತಿಗೆ ಇರುತ್ತದೆ, ಹೊರಗಿನಿಂದ ತಿರುಗಿಸಲು ಹಿಡಿತವೇ ಸಿಗುವುದಿಲ್ಲ. ಒಳಗೆ ಅಂಗೈ ಅಗಲದ 3 ಮಿ.ಮೀ. ಕಬ್ಬಿಣದ ತಗಡು ಇಟ್ಟು ಅದರ ಮೇಲೆ ವಾಷರ್, ನಟ್. ಕಸುವು ಹಾಕಿ ಎತ್ತಿದರೆ ಆ ಭಾರ ಒಂದು ತೂತಿನ ಮೇಲೆ ಬೀಳದೆ ಇಡೀ ತಗಡಿನ ಮೇಲೆ ಹಂಚಿಕೊಳ್ಳಬೇಕು, ಅದಕ್ಕೇ ಆ ತಗಡು. ಚೌಕಟ್ಟಿನ ಕಡೆಯ ಕಣ್ಣಿಯನ್ನೂ ಹಾಗೆಯೇ ಆರಪಾರ ಹಾಕಿದೆವು.

ಇಷ್ಟಾದರೂ ಊರಿಗೆ ಹೋಗುವಾಗ ಈ ಹೊರಗಿನ ಕೀಲಿ ಹಾಕುವುದನ್ನೇ ನಾನು ಬಿಟ್ಟಿದ್ದೇನೆ. ಬೀದಿಯಿಂದ ಕಾಣುವ ಕೀಲಿ ಒಳಗೆ ಯಾರೂ ಇಲ್ಲ ಎಂದು ಸಾರಿ ಹೇಳುತ್ತದೆ. ಕದದ ಒಳಮೈಗೆ ಕೂರುವ ನೈಟ್ ಲ್ಯಾಚ್ ಹಾಕಿಸಿದೆ. ಹೊರಗೆ ಕೀಲಿಕೈ ತೂತು ಮಾತ್ರ ಕಾಣುತ್ತದೆ, ಮನೆಯಲ್ಲಿ ಜನ ಇದ್ದರೂ ಇಲ್ಲದಿದ್ದರೂ ಒಂದೇ ರೀತಿ. ಜೋಡಿ ಕದವಾದ್ದರಿಂದ ಎರಡನೇ ಕದಕ್ಕೆ ಮೇಲೊಂದು, ಕೆಳಗೊಂದು ಉದ್ದ ಚಿಲಕ ಇರಲೇಬೇಕು. ಕೆಳಗಿನ ಚಿಲಕ ಕಲ್ಲಿನ ಹೊಸ್ತಿಲೊಳಗೆ ಒಂದೂವರೆ ಇಂಚು ಇಳಿಯುವಂತೆ ತೂತು ಕೊರೆಸಿದೆವು. ಇಲ್ಲದಿದ್ದರೆ ಎಷ್ಟು ಒಳ್ಳೆಯ ಲ್ಯಾಚ್ ಇದ್ದರೂ ಜೋರಾಗಿ ನೂಕಿದ ಕೂಡಲೇ ಎರಡು ಕದವೂ ಒಟ್ಟಿಗೆ ಒಳಗೆ ಬಾಗುತ್ತವೆ. ರಾತ್ರಿ ಮನೆಯಲ್ಲಿದ್ದಾಗ ಹಳೆಯ ಅಗಳಿ ಇದ್ದೇ ಇದೆ. ಅಜ್ಜ ಹಾಕಿಸಿದ ಆ ಅಡ್ಡಮರಕ್ಕೆ ಸಮನಾದದ್ದನ್ನು ಯಾವ ಅಂಗಡಿಯಲ್ಲೂ ನಾನು ನೋಡಿಲ್ಲ.

ಮಾಳಿಗೆ ಬಾಗಿಲು, ಬೆಳಕಿಂಡಿ

ಮಾಳಿಗೆ ಬಾಗಿಲು ತಗಡಿನದು, ಹೊರಕ್ಕೆ ತೆರೆಯುವಂಥದು. ಹೊರಕ್ಕೆ ತೆರೆಯುವ ಬಾಗಿಲಿನ ಬಿಜಾಗ್ರಿ ಹೊರಗೇ ಇರುತ್ತದೆ. ಒಳಗೆ ಎಷ್ಟು ಚಿಲಕ ಹಾಕಿದ್ದರೂ ಬಿಜಾಗ್ರಿಯ ಪಿನ್ನನ್ನು ಕೆಳಗಿನಿಂದ ಬಡಿದು ಎತ್ತಿದರೆ ಬಾಗಿಲು ಆ ಕಡೆಯಿಂದ ಬಿಚ್ಚಿಕೊಳ್ಳುತ್ತದೆ. ವೆಲ್ಡಿಂಗ್‌ನವರನ್ನು ಕರೆಸಿ ಪಿನ್ನಿನ ಎರಡೂ ತುದಿಗೆ ಚುಕ್ಕೆ ವೆಲ್ಡ್ ಹಾಕಿಸಿದೆ. ಜೊತೆಗೆ ಬಿಜಾಗ್ರಿ ಕಡೆಯ ಅಂಚಿಗೆ 12 ಮಿ.ಮೀ. ಸಳಿಯ ಎರಡು ಮೊಟಕು ತುಂಡು ಬೆಸೆದು, ಬಾಗಿಲು ಮುಚ್ಚಿದಾಗ ಅವು ಚೌಕಟ್ಟಿನ ತೂತಿನೊಳಗೆ ಕೂರುವಂತೆ ಮಾಡಿಸಿದೆ. ಈಗ ಬಿಜಾಗ್ರಿ ಕಿತ್ತುಬಂದರೂ ಆ ಕಡೆ ಬಿಡುವುದಿಲ್ಲ.

ಇನ್ನು ಚಿಲಕ. ತಗಡಿನ ಬಾಗಿಲಿಗೆ ಎದೆ ಎತ್ತರದಲ್ಲಿ ಒಂದೇ ಚಿಲಕ ಇದ್ದರೆ ಅದರ ಪಕ್ಕದ ತಗಡು ಕತ್ತರಿಸಿ ಕೈ ಹಾಕುವುದು ಸುಲಭ. ಎರಡನೆಯದನ್ನು ಪಾದದ ಹತ್ತಿರ ಹಾಕಿಸಿ, ಅದಕ್ಕೆ ಒಳಗಿನಿಂದ ಸಣ್ಣ ಕೀಲಿ ಹಾಕುತ್ತೇನೆ. ಆ ಕೀಲಿಕೈ ಒಳಗೇ ಗೂಟಕ್ಕೆ ತೂಗುತ್ತದೆ. ಬೆಂಕಿ ಬಿದ್ದರೆ ಮನೆಯವರು ಕತ್ತಲೆಯಲ್ಲಿ ಹುಡುಕುವಂತಾಗಬಾರದು; ಬಾಗಿಲಿನಿಂದ ಕೈಗೆ ಎಟುಕದಷ್ಟು ದೂರ, ಮನೆಯ ಎಲ್ಲರಿಗೂ ಗೊತ್ತಿರುವ ಜಾಗ.

ಬೆಳಕಿಂಡಿಯನ್ನು ಬಹಳ ಜನ ಮರೆಯುತ್ತಾರೆ. ಹಳೆಯ ಮಾಳಿಗೆಯಲ್ಲಿ ಅಡುಗೆ ಮನೆಯ ಹೊಗೆ ಹೋಗಲು, ಬೆಳಕು ಬರಲು ಬಿಟ್ಟ ಆ ಕಿಂಡಿಯಲ್ಲಿ ತೆಳ್ಳಗಿನ ಮನುಷ್ಯ ಇಳಿಯಬಹುದು. ನಮ್ಮದಕ್ಕೆ ಮೇಲೆ ಒಂದು ಗಾಜಿನ ಹಲಗೆ ಮಾತ್ರ ಇತ್ತು. 12 ಮಿ.ಮೀ. ಸಳಿಗಳನ್ನು 4 ಇಂಚಿಗೆ ಒಂದರಂತೆ ಕೂರಿಸಿದ ಚೌಕಟ್ಟು ಮಾಡಿಸಿ, ಅದರ ಕಾಲುಗಳನ್ನು ಮಾಳಿಗೆಯ ಮಣ್ಣಿನಲ್ಲಿ ಹೂಳದೆ, ಕಿಂಡಿಯ ಸುತ್ತ ಕಾಂಕ್ರೀಟಿನ ಕಟ್ಟೆ ಹಾಕಿ ಅದರಲ್ಲಿ ನಿಲ್ಲಿಸಿದೆವು. ಮಣ್ಣಿನಲ್ಲಿ ಹೂತ ಗ್ರಿಲ್ ಒಂದು ಮಳೆಗಾಲ ಕಳೆದರೆ ಅಲ್ಲಾಡತೊಡಗುತ್ತದೆ.

ಕೆಲಸ ನಡೆದಾಗ ನೋಡಲು ಬಂದವರೊಬ್ಬರು ಗ್ರಿಲ್‌ಗೆ ಕರೆಂಟ್ ಕೊಟ್ಟುಬಿಡಿ ಎಂದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಹೊಲದ ಬೇಲಿಗೆ ಹಂದಿಗಾಗಿ ಹಾಕಿದ ಕರೆಂಟಿಗೆ ಮನುಷ್ಯರು ಸಾಯುತ್ತಿರುವುದು ನಮಗೆಲ್ಲ ಗೊತ್ತಿದೆ. ಮಾಳಿಗೆ ಮೇಲೆ ಗಾಳಿಪಟ ಹಿಡಿಯಲು ಬರುವುದು ನೆರೆಮನೆಯ ಹುಡುಗ. ಅದು ಅಪರಾಧವೂ ಹೌದು.

ಸೈರನ್

ಇಲ್ಲಿಯವರೆಗಿನದೆಲ್ಲ ತಡ ಮಾಡುವ ಕೆಲಸ. ಎಬ್ಬಿಸುವ ಕೆಲಸಕ್ಕೆ ಸರ್ಕ್ಯೂಟ್ ಒಂದನ್ನು ಕೈಯಾರೆ ಕಟ್ಟಿದೆ. ವೈಫೈ, ಆ್ಯಪ್ ಯಾವುದೂ ಇಲ್ಲದ, ಕರೆಂಟ್ ಹೋದಾಗಲೂ ನಡೆಯುವ, ಕೆಟ್ಟರೆ ನಾನೇ ಬಿಚ್ಚಿ ನೋಡಬಹುದಾದದ್ದು ಬೇಕಿತ್ತು.

ಜೀವಾಳ ಎರಡೇ ವಸ್ತು. ಒಂದು ರೀಡ್ ಸ್ವಿಚ್, ಅಂಗಡಿಯಲ್ಲಿ ಡೋರ್ ಮ್ಯಾಗ್ನೆಟ್ ಎಂದು ಕೇಳಿದರೆ ಕೊಡುತ್ತಾರೆ. ಚೌಕಟ್ಟಿಗೆ ಸ್ವಿಚ್, ಕದಕ್ಕೆ ಅಯಸ್ಕಾಂತ. ಬಾಗಿಲು ಮುಚ್ಚಿದ್ದಾಗ ಅಯಸ್ಕಾಂತದ ಸೆಳೆತಕ್ಕೆ ಗಾಜಿನ ಕೊಳವೆಯೊಳಗಿನ ಎರಡು ಎಸಳು ಕೂಡಿಕೊಂಡಿರುತ್ತವೆ, ತೆರೆದರೆ ಬಿಡುತ್ತವೆ. ಇನ್ನೊಂದು ಸಿ106 ಎಂಬ ಎಸ್‌ಸಿಆರ್. ಇದು ಮೂರು ಕಾಲಿನ ಎಲೆಕ್ಟ್ರಾನಿಕ್ ಸ್ವಿಚ್: ಕರೆಂಟ್ ಆನೋಡಿನಿಂದ ಕ್ಯಾಥೋಡಿಗೆ ಹರಿಯುತ್ತದೆ, ಮೂರನೆಯ ಕಾಲು ಗೇಟ್. ಇದರ ಗೇಟಿಗೆ ಒಂದು ಸಲ ಸಣ್ಣ ಕರೆಂಟ್ ತಾಗಿದರೆ ದಾರಿ ತೆರೆದುಕೊಂಡು, ಬ್ಯಾಟರಿ ಕಡಿಯುವವರೆಗೆ ಮುಚ್ಚುವುದೇ ಇಲ್ಲ. ಕಳ್ಳ ಗಾಬರಿಯಾಗಿ ಬಾಗಿಲು ಮತ್ತೆ ಮುಚ್ಚಿದರೂ ಸೈರನ್ ನಿಲ್ಲಬಾರದು ಎಂದರೆ ಈ ಗುಣ ಬೇಕೇ ಬೇಕು.

ಜೋಡಣೆ ಹೀಗೆ. 12 ವೋಲ್ಟ್ ಬ್ಯಾಟರಿಯ ಪಾಸಿಟಿವ್‌ನಿಂದ 1 ಆಂಪ್ ಫ್ಯೂಸ್, ಅಲ್ಲಿಂದ ಕೀಲಿಕೈ ಸ್ವಿಚ್, ಅಲ್ಲಿಂದ ಸೈರನ್, ಸೈರನ್ನಿನ ಇನ್ನೊಂದು ತುದಿ ಸಿ106ರ ಆನೋಡಿಗೆ. ಕ್ಯಾಥೋಡ್ ಬ್ಯಾಟರಿಯ ನೆಗೆಟಿವ್‌ಗೆ. ಕೀಲಿಕೈ ಸ್ವಿಚ್ಚಿನ ನಂತರದಿಂದ ಕರೆಂಟ್ ತಗ್ಗಿಸುವ 10ಕೆ (10 ಸಾವಿರ ಓಮ್) ರೆಸಿಸ್ಟರ್ ಒಂದು ಗೇಟಿಗೆ. ಗೇಟಿನಿಂದ ಕ್ಯಾಥೋಡಿಗೆ 1ಕೆ ರೆಸಿಸ್ಟರ್. ಕೊನೆಗೆ ಗೇಟಿನಿಂದ ಹೊರಟ ತಂತಿ ಮಾಳಿಗೆ ಬಾಗಿಲು, ಹಿತ್ತಲ ಬಾಗಿಲು, ಬೆಳಕಿಂಡಿಯ ಮುಚ್ಚಳ ಮೂರರ ರೀಡ್ ಸ್ವಿಚ್ಚನ್ನೂ ಒಂದರ ಹಿಂದೊಂದು ದಾಟಿ ಕ್ಯಾಥೋಡಿಗೆ ಮರಳುತ್ತದೆ. ಎಲ್ಲ ಮುಚ್ಚಿದ್ದಾಗ ಗೇಟಿನ ಕರೆಂಟೆಲ್ಲ ಈ ಸುತ್ತುದಾರಿಯಲ್ಲೇ ಹರಿದುಹೋಗುತ್ತದೆ. ಯಾವುದೊಂದು ತೆರೆದರೂ ದಾರಿ ಕಡಿದು ಕರೆಂಟ್ ಗೇಟಿಗೆ ನುಗ್ಗುತ್ತದೆ. ತಂತಿ ಕತ್ತರಿಸಿದರೂ ಅದೇ ಪರಿಣಾಮ, ಕೂಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಬಹಳಷ್ಟು ಸೈರನ್‌ಗಳು ಕರೆಂಟನ್ನು ಒಂದೇ ಸಮನೆ ಎಳೆಯುವುದಿಲ್ಲ, ಬಿಟ್ಟು ಬಿಟ್ಟು ಎಳೆಯುತ್ತವೆ. ಬಿಟ್ಟ ಆ ಕ್ಷಣದಲ್ಲಿ ಎಸ್‌ಸಿಆರ್ ಮುಚ್ಚಿಕೊಂಡುಬಿಡಬಹುದು. ಅದಕ್ಕೆ ಸೈರನ್ನಿಗೆ ಸಮಾನಾಂತರವಾಗಿ ಒಂದು 1ಕೆ ರೆಸಿಸ್ಟರ್ ಹಾಕಿದರೆ ಹತ್ತು ಮಿಲಿ ಆಂಪಿನಷ್ಟು ಸದಾ ಹರಿಯುತ್ತಿರುತ್ತದೆ. ಹಿಡಿದಿಡಲು ಅಷ್ಟು ಸಾಕು. 1ಎನ್4007 ಡಯೋಡ್ ಒಂದನ್ನೂ ಸೈರನ್ನಿಗೆ ಹಿಮ್ಮುಖವಾಗಿ ಕೊಟ್ಟಿದ್ದೇನೆ.

ಕಾವಲಿನಲ್ಲಿದ್ದಾಗ ಎಳೆಯುವ ಕರೆಂಟ್ 12 ವೋಲ್ಟನ್ನು 10ಕೆಯಿಂದ ಭಾಗಿಸಿದಷ್ಟು, ಎಂದರೆ 1.2 ಮಿಲಿ ಆಂಪ್. 7 ಆಂಪ್-ಅವರ್ ಬ್ಯಾಟರಿಗೆ ಇದು ಲೆಕ್ಕದಲ್ಲಿ 200 ದಿನಕ್ಕೂ ಮೀರಿ ಬರಬೇಕು. ಬ್ಯಾಟರಿ ತಾನಾಗಿಯೇ ಇಳಿಯುವುದೂ ಇರುವುದರಿಂದ ತಿಂಗಳಿಗೊಮ್ಮೆ ಚಾರ್ಜಿಗೆ ಹಾಕುತ್ತೇನೆ. ಕರೆಂಟ್ ಹೋಗುವ ನಮ್ಮೂರಿನಲ್ಲಿ ಇದೇ ದೊಡ್ಡ ನೆಮ್ಮದಿ.

ಮುಂಬಾಗಿಲನ್ನು ಈ ಸುತ್ತಿಗೆ ಸೇರಿಸಿಲ್ಲ. ಕೀಲಿಕೈ ಸ್ವಿಚ್ ಒಳಗೆ, ಮುಂಬಾಗಿಲ ಪಕ್ಕದ ಗೂಡಿನಲ್ಲಿದೆ. ಹೊರಡುವಾಗ ಅದನ್ನು ತಿರುಗಿಸಿ ಮುಂದಿನಿಂದ ಹೋಗುವುದು, ಬಂದಾಗ ಮುಂದಿನಿಂದಲೇ ಬಂದು ಆರಿಸುವುದು. ಮುಂಬಾಗಿಲು ಬೀದಿಗೆ ಎದುರು, ಅದನ್ನು ಕಾಯಲು ಬೆಳಕು ಇದೆ.

ಕಟ್ಟಿ ಕೂರಿಸಿದ ಮೇಲೆ ಒಂದು ರಾತ್ರಿ ಪಕ್ಕದವರ ಬೋರಿನ ಮೋಟರ್ ಶುರುವಾದ ಕ್ಷಣಕ್ಕೇ ಸೈರನ್ ಕೂಗಿತು. ಸುತ್ತಿನ ತಂತಿ ಮನೆಯ ವೈರಿಂಗಿನ ಪಕ್ಕದಲ್ಲೇ ಓಡುತ್ತಿತ್ತು, ಮೋಟರಿನ ಎಳೆತಕ್ಕೆ ಅದರಲ್ಲೂ ಒಂದು ಮಿಡಿತ ಎದ್ದಿತ್ತು. ತಂತಿಯನ್ನು ಬೇರೆ ಕೇಸಿಂಗ್ ಪಟ್ಟಿಗೆ ಹಾಕಿ, ಹೋಗುವ ಬರುವ ಎರಡೂ ಎಳೆಗಳನ್ನು ಹೆಣೆದು, ಗೇಟು ಮತ್ತು ಕ್ಯಾಥೋಡಿನ ನಡುವೆ ಇಂಥ ಮಿಡಿತವನ್ನು ನುಂಗುವ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿದೆ. ಇದರಿಂದ ಆಗುವ ತಡ ಸೆಕೆಂಡಿನ ನೂರರಲ್ಲಿ ಸುಮಾರು ಒಂದು ಭಾಗದಷ್ಟು. ಆಮೇಲೆ ಮೋಟರಿಗೆ ಅದು ಬೆಚ್ಚಿಲ್ಲ.

ಬೆಳಕು

ಹೊರಗಿನ ಬಲ್ಬನ್ನು ಹಗಲೂ ರಾತ್ರಿ ಉರಿಯಲು ಬಿಟ್ಟು ಊರಿಗೆ ಹೋಗುವುದು ಕೀಲಿ ತೋರಿಸಿದಷ್ಟೇ ಕೆಟ್ಟದ್ದು. ಬೆಳಗ್ಗೆ ಹತ್ತಕ್ಕೂ ಉರಿಯುವ ದೀಪ ದಾರಿಹೋಕರಿಗೆಲ್ಲ ಸುದ್ದಿ ಹೇಳುತ್ತದೆ. ಕತ್ತಲಾದಾಗ ಹತ್ತಿ ಬೆಳಗಾದಾಗ ಆರುವ ಫೋಟೋಸೆಲ್ ಸ್ವಿಚ್ ಮುಂದಿನ ದೀಪಕ್ಕೆ ಹಾಕಿದೆ. ಅದರ ಕಣ್ಣಿಗೆ ಅದೇ ಬಲ್ಬಿನ ಬೆಳಕು ಬೀಳಬಾರದು, ಬಿದ್ದರೆ ದೀಪ ರಾತ್ರಿಯಿಡೀ ಹತ್ತಿ ಆರಿ ಹತ್ತಿ ಆರಿ ಮಾಡುತ್ತದೆ. 9 ವಾಟ್ ಎಲ್‌ಇಡಿ 12 ತಾಸು ಉರಿದರೆ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗದಷ್ಟು. ಹುಳದ ಕಾಟಕ್ಕೆ ಬಿಳಿ ಬಲ್ಬ್ ತೆಗೆದು ಹಳದಿ ಬೆಳಕಿನದನ್ನು ಹಾಕಿದೆ. ಹುಳ ಬರುವುದೇ ಇಲ್ಲ ಎನ್ನಲಾರೆ, ಆದರೆ ಊಟದ ಹೊತ್ತಿಗೆ ದೀಪ ಆರಿಸಬೇಕಾದ ಸ್ಥಿತಿ ಇಲ್ಲ.

ಹಿತ್ತಲಿಗೆ ಎಚ್‌ಸಿ-ಎಸ್‌ಆರ್ 501 ಎಂಬ ಪಿಐಆರ್ ಸೆನ್ಸರ್. ಮೈಯ ಶಾಖದ ಚಲನೆಯನ್ನು ಇದು ಹಿಡಿಯುತ್ತದೆ, ಸುಮಾರು 7 ಮೀಟರ್‌ವರೆಗೆ. ಗೋಡೆಗೂ ಮೈಗೂ ಶಾಖದ ಅಂತರ ಹೆಚ್ಚಿದ್ದಷ್ಟೂ ಚೆನ್ನಾಗಿ ಕಾಣುತ್ತದೆ, ಹಾಗಾಗಿ ಚಳಿಯ ರಾತ್ರಿಯೇ ಇದರ ಒಳ್ಳೆಯ ಕಾಲ. ಮೇ ತಿಂಗಳ ಸಂಜೆ ಕಾದ ಗೋಡೆಯ ಮುಂದೆ ಅಷ್ಟು ನಂಬುವಂತಿಲ್ಲ. ಎದುರಿಗೆ ನಡೆದು ಬರುವವನಿಗಿಂತ ಅಡ್ಡ ಹಾಯುವವನನ್ನು ಬೇಗ ಹಿಡಿಯುವುದರಿಂದ, ಹಿತ್ತಲ ಗೋಡೆ ಹಾರಿದವನು ಬಾಗಿಲಿಗೆ ಬರುವ ದಾರಿಗೆ ಅಡ್ಡವಾಗಿ, ಎಂಟು ಅಡಿ ಎತ್ತರದಲ್ಲಿ ಕೂರಿಸಿದೆ. ಬೆಕ್ಕಿಗೆಲ್ಲ ಹತ್ತದಿರಲೆಂದು ಸೆನ್ಸರಿನ ಬಿಳಿ ಗುಮ್ಮಟದ ಕೆಳಗಿನ ಸಾಲಿಗೆ ಕಪ್ಪು ಟೇಪ್ ಅಂಟಿಸಿದೆ. ಹಳೆಯ ಮೊಬೈಲ್ ಚಾರ್ಜರಿನ 5 ವೋಲ್ಟಿನಲ್ಲಿ ನಡೆಯುತ್ತದೆ; ಸೆನ್ಸರ್ ಕೊಡುವ 3.3 ವೋಲ್ಟ್ 1ಕೆ ಮೂಲಕ ಬಿಸಿ337 ಟ್ರಾನ್ಸಿಸ್ಟರಿಗೆ, ಅದರಿಂದ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಹಚ್ಚಿ ಆರಿಸುವ ಸ್ವಿಚ್), ರಿಲೇಯಿಂದ ಬಲ್ಬ್. ಬಿಸಿ547 ಕೂಡ ನಡೆದೀತು, ಆದರೆ ಸಣ್ಣ ರಿಲೇಯೇ 70 ಮಿಲಿ ಆಂಪ್ ಎಳೆಯುವಾಗ 100ರ ಮಿತಿಯದನ್ನು ಹಾಕಲು ನನಗೆ ಮನಸ್ಸಾಗಲಿಲ್ಲ. 230 ವೋಲ್ಟಿನ ಕೆಲಸ ಮಾಡುವಾಗ ಎಂಸಿಬಿ (ಮನೆಯ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಟೆಸ್ಟರ್ ಇಟ್ಟು ನೋಡಿಯೇ ಕೈ ಹಚ್ಚಿ. ಇದೆಲ್ಲ ಬೇಡವೆನ್ನುವವರಿಗೆ ಸೆನ್ಸರ್ ಒಳಗೇ ಇರುವ ಬಲ್ಬ್ ಸಿಗುತ್ತದೆ, ಅದೂ ಸಾಕು.

ಕ್ಯಾಮೆರಾ ಸದ್ಯಕ್ಕೆ ಹಾಕಿಲ್ಲ. ಆಗಿದ್ದನ್ನು ತೋರಿಸುತ್ತದೆ, ನಿದ್ದೆಯಿಂದ ಯಾರನ್ನೂ ಎಬ್ಬಿಸುವುದಿಲ್ಲ.

ಕೂಗಿದರೆ ಯಾರು ಏಳುತ್ತಾರೆ

ಸೈರನ್ನನ್ನು ಎಲ್ಲಿ ಇಡಬೇಕು ಎಂಬುದು ಬಹಳ ತಲೆಗೆ ಹತ್ತಿತು. ಕಳ್ಳನ ಕಿವಿಗಿಂತ ನೆರೆಯವರ ಕಿವಿ ಮುಖ್ಯ. ಸಜ್ಜದ ಕೆಳಗೆ, ಏಣಿಯಿಲ್ಲದೆ ಕೈಗೆಟುಕದ ಕಡೆ, ಪಕ್ಕದ ಮನೆಯ ಮಲಗುವ ಕೋಣೆಯ ಕಿಟಕಿಗೆ ಮುಖ ಮಾಡಿ ಕಬ್ಬಿಣದ ಜಾಳಿಗೆಯೊಳಗೆ ಇಟ್ಟೆ. ಅವರನ್ನು ಕೇಳಿಯೇ ಇಟ್ಟದ್ದು. ಆ ಮನೆಯ ಅಜ್ಜಿ ಒಂದು ಪ್ರಶ್ನೆ ಕೇಳಿದರು, ಇಷ್ಟು ದಿನದ ಕೆಲಸದಲ್ಲಿ ಅದಕ್ಕಿಂತ ಬೆಲೆಯುಳ್ಳ ಮಾತು ನಾನು ಕೇಳಲಿಲ್ಲ.

"ಕೂಗಿದ್ರ ನಾವೇನ್ ಮಾಡ್ಬೇಕು ಅದನ್ ಹೇಳಪ್ಪಾ. ಬರೇ ಕೇಳ್ಕೋತ ಮಲಗೂದೇನು?"

ಅಂದು ಸಂಜೆ ಸುತ್ತಲಿನ ಐದಾರು ಮನೆಯವರು ಕಟ್ಟೆ ಮೇಲೆ ಕೂತು ಮಾತಾಡಿಕೊಂಡೆವು. ಸೈರನ್ ಕೇಳಿದವರು ಮೊದಲು ತಮ್ಮ ಮನೆಯ ದೀಪಗಳನ್ನೆಲ್ಲ ಹಚ್ಚುವುದು, ಒಳಗಿನಿಂದಲೇ ಜೋರಾಗಿ ಕೂಗುವುದು. ಒಬ್ಬರು 112ಕ್ಕೆ ಫೋನ್ ಮಾಡುವುದು. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ ಅದೇ ನಂಬರ್. ಒಬ್ಬರೇ ಕೋಲು ಹಿಡಿದು ಓಡಬಾರದು, ಓಡಿಹೋಗುವವನಿಗೆ ಅಡ್ಡ ನಿಲ್ಲಬಾರದು. ಊರಿಗೆ ಹೋಗುವವರು ಪಕ್ಕದ ಒಂದು ಮನೆಗೆ ಮತ್ತು ಠಾಣೆಗೆ ತಿಳಿಸಿ ಹೋಗುವುದು, ಬಂಗಾರವನ್ನು ಬ್ಯಾಂಕಿನ ಲಾಕರಿನಲ್ಲಿಟ್ಟು ಹೋಗುವುದು. ನಮ್ಮ ಒಂದು ಕೀಲಿಕೈ ಅಜ್ಜಿಯ ಹತ್ತಿರ ಇರುತ್ತದೆ, ಸುಳ್ಳಾಗಿ ಕೂಗಿದರೆ ಆರಿಸಲು. ಮರುದಿನ ಎಲ್ಲರಿಗೂ ಹೇಳಿ ಸಂಜೆ ಹೊತ್ತು ಒಮ್ಮೆ ಕೂಗಿಸಿ ನೋಡಿದೆವು. ಕಿಟಕಿ ಮುಚ್ಚಿ, ಟಿವಿ ಹಚ್ಚಿ, ಒಳಕೋಣೆಯಲ್ಲಿ ಕೂತರೂ ಕೇಳಿಸುತ್ತದೆ ಎಂದು ಎದುರು ಮನೆಯವರು ಹೇಳಿದ ಮೇಲೆಯೇ ನನಗೆ ಸಮಾಧಾನವಾದದ್ದು.

ಆ ಎದುರು ಮನೆಯವರು ತಮಗೂ ಇಂಥದೇ ಒಂದನ್ನು ಕಟ್ಟಿಕೊಡಲು ಕೇಳಿದ್ದಾರೆ. ಅವರದು ಪೂರ್ತಿ ಕಬ್ಬಿಣದ ಬಾಗಿಲು. ಕಬ್ಬಿಣಕ್ಕೆ ನೇರವಾಗಿ ಅಂಟಿಸಿದರೆ ಅಯಸ್ಕಾಂತದ ಸೆಳೆತವನ್ನು ಬಾಗಿಲೇ ನುಂಗಿಬಿಡುತ್ತದೆ, ಸ್ವಿಚ್ ಕೂಡುವುದಿಲ್ಲ. ಮರದ ಬಾಗಿಲಲ್ಲಿ ಬೆರಳಗಲದ ಅಂತರದಲ್ಲೂ ಹಿಡಿಯುತ್ತಿದ್ದ ಜೋಡಿ ಅವರ ಬಾಗಿಲಿಗೆ ಹಿಡಿದು ನೋಡಿದಾಗ ಹತ್ತಿರ ತಂದರೂ, ಸ್ವಿಚ್ ಕೂಡಿತೇ ಎಂದು ನೋಡಲು ಹಚ್ಚಿದ ಮಲ್ಟಿಮೀಟರ್ ಬೀಪ್ ಅನ್ನಲಿಲ್ಲ. ಅಯಸ್ಕಾಂತದ ಕೆಳಗೂ ಸ್ವಿಚ್ಚಿನ ಕೆಳಗೂ ಅರ್ಧ ಇಂಚಿನ ಮರದ ತುಂಡು ಇಟ್ಟು ಎತ್ತರಿಸಿದಾಗ ಹಿಡಿಯಿತು. ತುಂಡುಗಳನ್ನು ಬಡಿಗೇರ ಕಾಕಾ ಸಾಗವಾನಿಯಲ್ಲಿ ಕೊಯ್ದು ಕೊಟ್ಟಿದ್ದಾರೆ. ಈ ಭಾನುವಾರ ಕೂರಿಸಬೇಕು.